ಶಾಂತಿಗಾಗಿ ದುಡಿದ ಸೇನಾನಿ: ಜನರಲ್ ತಿಮ್ಮಯ್ಯನವರು

ರಾಷ್ಟ್ರರಾಷ್ಟ್ರಗಳ ನಡುವೆ ಸ್ನೇಹಸೌಹಾರ್ದಗಳನ್ನು ಬೆಳೆಸಿದವರನ್ನು ಸರ್ಕಾರಗಳು ಬಿರುದು ಪದಕಗಳಿಂದ ಗೌರವಿಸುವುದುಂಟು. ಸಾಮಾನ್ಯವಾಗಿ ರಾಯಭಾರಿಗಳಿಗೋ ವಿದ್ವಾಂಸರಿಗೋ ಸಲ್ಲುವ ಇಂತಹ ಮನ್ನಣೆಯು ಕನ್ನಡ ನಾಡಿನ ಸೇನಾನಿಯೊಬ್ಬರಿಗೆ ಸಂದಿತು. ಅವರೇ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು.

ತಿಮ್ಮಯ್ಯನವರು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ, ಕಾಫಿ ಬೆಳೆಗಾರರ ಕುಟುಂಬದಲ್ಲಿ ಜನಿಸಿದರು. ಎಂಟರ ಪ್ರಾಯದಲ್ಲಿಯೇ ಅವರನ್ನು ಕೂನೂರಿನಲ್ಲಿ ಐರಿಷ್ ಸಹೋದರರು ನಡೆಸುತ್ತಿದ್ದ ಸಂತ ಜೋಸೆಫರ ಶಾಲೆಗೆ ಕಳುಹಿಸಲಾಯಿತು. ಅವರು ಕಥೋಲಿಕರಲ್ಲದಿದ್ದರೂ ನಮ್ಮ ಶಾಲೆಯೊಂದರಲ್ಲಿ ಅಕ್ಷರ ಕಲಿತವರೆಂಬ ಸಲುಗೆಯಿಂದ ಈ ಸಂಚಿಕೆಯಲ್ಲಿ ಅವರನ್ನು ಸ್ಮರಿಸುವುದು ಅನುಚಿತವಾಗಲಾರದು. ಮುಂದೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹರಾಡೂನ್, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗಳಲ್ಲಿ ಶಿಕ್ಷಣ ಪಡೆದು 1926ರಲ್ಲಿ ಸೇನಾಧಿಕಾರಿಯಾದರು. 1935ರಲ್ಲಿ ಕ್ವೆಟ್ಟಾ ನಗರವು ಭೂಕಂಪಕ್ಕೆ ತುತ್ತಾದಾಗ ನವದಂಪತಿಗಳಾಗಿ ಅಲ್ಲಿದ್ದ ತಿಮ್ಮಯ್ಯನವರೂ ಅವರ ಪತ್ನಿ ನೀನಾ ಅವರೂ ಸಂತ್ರಸ್ತರ ಸೇವೆಗೆ ನಿಂತರು. ಆ ಸೇವೆಗಾಗಿ ಕೈಸರ್-ಇ-ಹಿಂದ್ ಪದಕ ಪಡೆದವರು ಪತ್ನಿ. ಬರ್ಮಾದ ರಣರಂಗದಲ್ಲಿಯೂ, 1948ರಲ್ಲಿ ಟ್ಯಾಂಕುಗಳನ್ನೇರಿಸಿ ಗೆದ್ದ ಜೋಜಿಲಾ ಕಣಿವೆಯಲ್ಲಿಯೂ ಅವರು ತೋರಿದ ಪರಾಕ್ರಮವನ್ನು ಇತಿಹಾಸದ ಪುಸ್ತಕಗಳು ವಿವರವಾಗಿ ಹೇಳುತ್ತವೆ.

ನಾವು ಗಮನಿಸಬೇಕಾದುದು ಕೊರಿಯಾದ ಪ್ರಸಂಗವನ್ನು. 1953ರ ಜುಲೈ 27ರಂದು ಅಲ್ಲಿ ಕದನವಿರಾಮವಾಯಿತು. ಆದರೆ ವಿಶ್ವಸಂಸ್ಥೆಯ ಪಡೆಗಳ ಸೆರೆಯಲ್ಲಿದ್ದ ಚೀನಾ ಮತ್ತು ಉತ್ತರ ಕೊರಿಯಾದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಸ್ವದೇಶಕ್ಕೆ ಮರಳಲೊಲ್ಲೆವೆಂದರು. ಎದುರು ಪಕ್ಷದ ಸೆರೆಯಲ್ಲಿದ್ದ ಮುನ್ನೂರೈವತ್ತಕ್ಕೂ ಹೆಚ್ಚು ಮಂದಿಯದೂ ಅದೇ ಮಾತು. ಇವರ ವಿಚಾರಕ್ಕಾಗಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತು ಭಾರತಗಳನ್ನೊಳಗೊಂಡ ತಟಸ್ಥ ರಾಷ್ಟ್ರಗಳ ಆಯೋಗವು ರಚಿತವಾಗಿ, ತಿಮ್ಮಯ್ಯನವರು ಅದರ ಅಧ್ಯಕ್ಷರಾದರು. ಕಾವಲಿಗೆ ಹೋದ ನಮ್ಮ ಯೋಧರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ದಕ್ಷಿಣ ಕೊರಿಯಾ ಹಟ ಹಿಡಿದುದರಿಂದ ಅವರನ್ನು ಹಡಗುಗಳಿಂದ ಹೆಲಿಕಾಪ್ಟರುಗಳಲ್ಲಿ ಗಡಿಪ್ರದೇಶಕ್ಕೆ ಸಾಗಿಸಬೇಕಾಯಿತು!

ನಮ್ಮ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದವನು ತಿಪಟೂರಿಗೋ ತುರುವೇಕೆರೆಗೋ ಚಿಕ್ಕನಾಯಕನಹಳ್ಳಿಗೋ ತನಗೆ ಬೇಕಾದ ದಾರಿ ಹಿಡಿಯುತ್ತಾನೆ. ಯಾರ ಅಪ್ಪಣೆಯೂ ಬೇಕಿಲ್ಲ. ಆ ಕೈದಿಗಳಿಗೆ ಅಷ್ಟು ಸ್ವಾತಂತ್ರ್ಯವೂ ದುರ್ಲಭವಾಗಿತ್ತು. ಪ್ರತಿಯೊಬ್ಬನನ್ನೂ ಡೇರೆಯೊಂದಕ್ಕೆ ಕರೆತಂದು, ಅವನ ದೇಶದ ಪ್ರತಿನಿಧಿಗಳು ಹೇಳುವುದನ್ನು ಕೇಳಿಸಿ, ಎರಡು ಬಾಗಿಲುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಡುವುದು ಏರ್ಪಾಡು. ಒಂದು ಬಾಗಿಲು ತಾಯ್ನಾಡಿಗೆ, ಇನ್ನೊಂದು ಮರಳಿ ಶಿಬಿರಕ್ಕೆ. ಆದರೆ ಶಿಬಿರಗಳೊಳಗೆ ಮುಖಂಡರ ಬೆದರಿಕೆಯೇ ಆಳುತ್ತಿತ್ತು. ಅನೇಕರು ಡೇರೆಗೆ ಬರಲೇ ಇಲ್ಲ. ಬಲಾತ್ಕಾರದಿಂದ ಎಳೆತಂದರೆ ರಕ್ತಪಾತ. ಸುಮ್ಮನಿದ್ದರೆ ಕರ್ತವ್ಯಲೋಪದ ಆರೋಪ. ಗೊತ್ತುಪಡಿಸಿದ ತೊಂಬತ್ತು ದಿನಗಳಲ್ಲಿ ಕೆಲಸ ನಡೆದದ್ದು ಕೆಲವೇ ದಿನಗಳು.

ಉಳಿದವರ ಗತಿಯನ್ನು ನಿರ್ಧರಿಸಬೇಕಾಗಿದ್ದ ರಾಜಕೀಯ ಸಮ್ಮೇಳನವು ಕೂಡಲೇ ಇಲ್ಲ. ಬಿಡುಗಡೆ ಮಾಡಿರೆಂದು ಒಂದು ಪಕ್ಷ, ಹಿಡಿದಿಡಿರೆಂದು ಇನ್ನೊಂದು ಪಕ್ಷ ಒತ್ತಾಯಿಸುತ್ತಿದ್ದಾಗ, ಎರಡಕ್ಕೂ ತಮಗೆ ಅಧಿಕಾರವಿಲ್ಲವೆಂದು ತಿಮ್ಮಯ್ಯನವರು 1954ರ ಜನವರಿಯಲ್ಲಿ ಕೈದಿಗಳನ್ನು ಮೊದಲಿನ ವಶದಾರರಿಗೇ ಒಪ್ಪಿಸಿದರು. ವಿಶ್ವಸಂಸ್ಥೆಯ ಪಡೆಗಳು ತಮ್ಮ ವಶಕ್ಕೆ ಬಂದವರನ್ನು ಕೂಡಲೇ ಬಿಡುಗಡೆಗೊಳಿಸಿದವು. ಈ ತೀರ್ಮಾನದಿಂದ ಎರಡು ಪಕ್ಷಗಳಿಗೂ ಪೂರ್ಣ ಸಮಾಧಾನವಾಗಲಿಲ್ಲ. ಕೈದಿಗಳ ಪೈಕಿ ಎಂಬತ್ತಕ್ಕೂ ಹೆಚ್ಚು ಮಂದಿ ಯಾವ ಪಕ್ಷವೂ ಬೇಡವೆಂದು ನಮ್ಮ ಯೋಧರೊಡನೆ ಭಾರತಕ್ಕೆ ಬಂದರು. ಆ ಅಪರಿಚಿತರು ನಮ್ಮವರ ಮೇಲಿಟ್ಟ ವಿಶ್ವಾಸವೇ ನನ್ನ ದೃಷ್ಟಿಯಲ್ಲಿ ದೊಡ್ಡ ಪದಕ.

ಅದೇ 1954ರಲ್ಲಿ, ಪದ್ಮ ಪ್ರಶಸ್ತಿಗಳು ಆರಂಭವಾದ ವರ್ಷವೇ, ಭಾರತ ಸರ್ಕಾರವು ಅವರಿಗೆ ಪದ್ಮಭೂಷಣವನ್ನಿತ್ತು ಗೌರವಿಸಿತು. ಯೋಧರಾದ ಅವರ ಹೆಸರು ಆ ಪಟ್ಟಿಯಲ್ಲಿ ನಾಗರಿಕ ಸೇವೆಯ ವಿಭಾಗದಲ್ಲಿದೆ. ಕೊಡಗು ಆಗಿನ್ನೂ ಪ್ರತ್ಯೇಕ ರಾಜ್ಯವಾಗಿತ್ತು.

1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದ ಮೇಲೂ ಅವರಿಗೆ ವಿಶ್ರಾಂತಿ ದೊರೆಯಲಿಲ್ಲ. ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ಕಲಹದಿಂದ ನೊಂದಿದ್ದ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕತ್ವವನ್ನು 1964ರ ಜುಲೈನಲ್ಲಿ ವಹಿಸಿಕೊಂಡರು. ಅಲ್ಲಿಯೇ, 1965ರ ಡಿಸೆಂಬರ್ 18ರಂದು, ಕರ್ತವ್ಯದಲ್ಲಿರುವಾಗಲೇ ಹೃದಯಾಘಾತದಿಂದ ನಿಧನರಾದರು. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತರಲಾಯಿತು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಗೊಂಡಿತು. ಸೈಪ್ರಸ್ ಸರ್ಕಾರವಾದರೋ 1966ರಲ್ಲಿಯೇ ಅವರ ಸ್ಮರಣಾರ್ಥವಾಗಿ ಅಂಚೆಚೀಟಿಯನ್ನು ಹೊರತಂದಿತ್ತು.