ದಲ್ಲಾಳಿ ಬೇಡವೆಂದ ಟಿಂಡೇಲ್

ದೇವರಿಗೂ ಭಕ್ತನಿಗೂ ನಡುವೆ ದಲ್ಲಾಳಿ ಯಾಕೆ ಅಂತ ಕೇಳಿದವರಲ್ಲಿ ಇಂಗ್ಲೆಂಡಿನ ವಿಲಿಯಂ ಟಿಂಡೇಲ್ ಒಬ್ಬ. ತಾನೇ ಪಾದ್ರಿ. ಹುಟ್ಟಿದ್ದು 1494ರ ಸುಮಾರಿಗೆ. ಆಗ ಅಲ್ಲಿನ ಬೈಬಲ್ ಲ್ಯಾಟಿನ್‌ನಲ್ಲಿತ್ತು; ಬಿಷಪ್ಪರ ಅಪ್ಪಣೆಯಿಲ್ಲದೆ ಇಂಗ್ಲಿಷಿಗೆ ತಂದರೆ ಶಿಕ್ಷೆ. ನೇಗಿಲು ಹೊಡೆಯೋ ಹುಡುಗನೂ ಅದನ್ನು ತಿಳಿಯಬೇಕೆಂದು ಇವನ ಹಟ.

ಲಂಡನ್ನಿನ ಬಿಷಪ್ ನೆರವು ಕೊಡಲಿಲ್ಲ. ಹಂಫ್ರಿ ಮನ್‌ಮತ್ ಎಂಬ ಬಟ್ಟೆ ವ್ಯಾಪಾರಿ ಮನೆಯಲ್ಲಿಟ್ಟುಕೊಂಡ. 1526ರಲ್ಲಿ ಜರ್ಮನಿಯ ವರ್ಮ್ಸ್ ಊರಲ್ಲಿ ಹೊಸ ಒಡಂಬಡಿಕೆ ಅಚ್ಚಾಗಿ, ಬಟ್ಟೆಯ ಗಂಟುಗಳಲ್ಲಿ ಅಡಗಿ ಇಂಗ್ಲೆಂಡಿಗೆ ಬಂತು. ಬಿಷಪ್ ಸಿಕ್ಕಿದ್ದನ್ನು ಸುಡಿಸಿದ.

ಚರ್ಚಿನವರಿಗೆ ಉರಿ ಹತ್ತಿಸಿದ್ದು ಕೆಲವೇ ಪದಗಳು. ಪಾದ್ರಿ ಎಂಬಲ್ಲಿ ಹಿರಿಯ ಅಂತ ಬರೆದಿದ್ದ, ಚರ್ಚು ಎಂಬಲ್ಲಿ ಕೂಟ. ಪ್ರಾಯಶ್ಚಿತ್ತ ಮಾಡು ಎಂಬಲ್ಲಿ ಪಶ್ಚಾತ್ತಾಪಪಡು ಅಂದ. ಪಶ್ಚಾತ್ತಾಪಕ್ಕೆ ಪಾದ್ರಿಯೂ ಬೇಕಿಲ್ಲ, ಕಾಣಿಕೆಯೂ ಬೇಕಿಲ್ಲವಲ್ಲ! ಮೂಲ ಗ್ರೀಕಿನಲ್ಲಿ ಇರೋದೇ ಹಾಗೆ ಎಂದು ಅವನ ವಾದ.

1535ರಲ್ಲಿ ಆಂಟ್‌ವರ್ಪ್‌ನಲ್ಲಿ, ಸ್ನೇಹಿತನಂತೆ ನಟಿಸಿದ ಹೆನ್ರಿ ಫಿಲಿಪ್ಸ್ ಹಿಡಿದುಕೊಟ್ಟ. ವರ್ಷಕ್ಕೂ ಮೇಲೆ ಸೆರೆ. 1536ರಲ್ಲಿ ಕತ್ತು ಬಿಗಿದು ಕೊಂದು, ಹೆಣ ಸುಟ್ಟರು. ಮೂರೇ ವರ್ಷಕ್ಕೆ ದೊರೆ ಎಂಟನೇ ಹೆನ್ರಿಯ ಅಪ್ಪಣೆಯಿಂದಲೇ ಇಂಗ್ಲಿಷ್ ಬೈಬಲ್ ಅಚ್ಚಾಗಿ ಚರ್ಚುಗಳಿಗೆ ಬಂತು. ಅದರ ಹೊಸ ಒಡಂಬಡಿಕೆ ಬಹುಪಾಲು ಟಿಂಡೇಲನದೇ. ಹೆಸರು ಮಾತ್ರ ಇರಲಿಲ್ಲ.