ಬಳ್ಳಾರಿಯ ಜಾನ್ ಹ್ಯಾಂಡ್ಸ್ ಪಾದ್ರಿಗಳು

ಪರೋಪಕಾರಕ್ಕಾಗಿ ದೇಹವನ್ನು ಸವೆಯಿಸಿದವರ ಚರಿತ್ರೆಯನ್ನು ಓದುವುದರಿಂದ ಮನಸ್ಸಿಗೆ ಬಲವೂ ಬುದ್ಧಿಗೆ ಬೆಳಕೂ ಉಂಟಾಗುತ್ತವೆ. ಆದಕಾರಣ ನಮ್ಮ ಸೀಮೆಯಲ್ಲಿ ಮಿಷನ್ ಶಾಲೆಗಳಿಗೆ ತಳಹದಿಯನ್ನು ಹಾಕಿದ ಜಾನ್ ಹ್ಯಾಂಡ್ಸ್ ಪಾದ್ರಿಗಳ ಜೀವಿತವನ್ನು ಸಂಗ್ರಹವಾಗಿ ಇಲ್ಲಿ ಬರೆಯುತ್ತೇವೆ.

ಹ್ಯಾಂಡ್ಸರು 1780ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಲಂಡನ್ ಮಿಷನ್ ಸಂಘದವರು ಅವರನ್ನು ಹಿಂದೂದೇಶಕ್ಕೆ ಕಳುಹಿಸಿದರು. ಶ್ರೀರಂಗಪಟ್ಟಣದಲ್ಲಿ ನೆಲಸಬೇಕೆಂಬುದು ಮೊದಲಿನ ಸಂಕಲ್ಪವಾಗಿತ್ತು. ಆ ದಾರಿಯು ತೆರೆಯದೆ ಹೋದುದರಿಂದ 1810ರಲ್ಲಿ ಬಳ್ಳಾರಿಗೆ ಬಂದರು. ನಿಜಾಮರು ಈ ಸೀಮೆಯನ್ನು ಕಂಪೆನಿಯವರಿಗೆ ಬಿಟ್ಟುಕೊಟ್ಟು ಆಗ ಹತ್ತೇ ವರ್ಷಗಳಾಗಿದ್ದವು. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಅಂದು ಬಳ್ಳಾರಿಯ ಆಡಳಿತಕ್ಕೇ ಒಳಪಟ್ಟಿದ್ದವು.

ಪರದೇಶದವನು ಕನ್ನಡವನ್ನು ಕಲಿಯಬೇಕೆಂದರೆ ಅಚ್ಚಾದ ವ್ಯಾಕರಣವೊಂದೂ ಆಗ ಇರಲಿಲ್ಲ. ಕೇರಿ ಪಾದ್ರಿಗಳ ವ್ಯಾಕರಣವು ಸಿರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಹೀಗಿದ್ದರೂ ಹ್ಯಾಂಡ್ಸರು ಎದೆಗೆಡದೆ ನಮ್ಮ ಭಾಷೆಯನ್ನು ಕಲಿತು, ಸತ್ಯವೇದವನ್ನು ಕನ್ನಡಿಸುವ ಕೆಲಸಕ್ಕೆ ಕೈಹಾಕಿದರು. ಅವರ ಜತೆಗಾರರಾದ ರೀವ್ ಪಾದ್ರಿಗಳು ಈ ಕಾರ್ಯದಲ್ಲಿ ನೆರವಾದರು. 1824ರಲ್ಲಿಯೂ 1832ರಲ್ಲಿಯೂ ಎರಡು ನಿಘಂಟುಗಳನ್ನು ಪ್ರಕಟಿಸಿದವರೂ ಇವರೇ. ಬಳ್ಳಾರಿಯಲ್ಲಿ ಮುದ್ರಣಾಲಯವೂ ಸ್ಥಾಪಿತವಾಯಿತು. ಸುಮಾರು ಇಪ್ಪತ್ತು ವರ್ಷಗಳ ಪರಿಶ್ರಮದ ಫಲವಾಗಿ 1831ರ ಹೊತ್ತಿಗೆ ಸತ್ಯವೇದವು ಸಮಗ್ರವಾಗಿ ಕನ್ನಡದಲ್ಲಿ ದೊರೆಯಿತು. ಬಳಿಕ ಬಂದ ಪಂಡಿತರು ಅದನ್ನು ತಿದ್ದಿದರು. ಆದರೆ ಬೀಡುಭೂಮಿಯನ್ನು ಮೊದಲು ಉತ್ತವನ ಬೆವರಿಗೆ ಬೇರೆಯೇ ಬೆಲೆಯುಂಟು.

ಭಾಷಾಂತರದೊಡನೆ ಅವರು ಶಾಲೆಗಳನ್ನೂ ನಡೆಯಿಸಿದರು. ಆ ಕಾಲದ ವಿದ್ಯಾಭ್ಯಾಸದ ಸ್ಥಿತಿಯನ್ನು ತಿಳಿಯಲು ಕಲೆಕ್ಟರ್ ಕ್ಯಾಂಪ್‌ಬೆಲ್ ದೊರೆಗಳು 1823ರಲ್ಲಿ ಸರಕಾರಕ್ಕೆ ಒಪ್ಪಿಸಿದ ವರದಿಯನ್ನು ನೋಡಬೇಕು. ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು; ಇವುಗಳಲ್ಲಿ ಕನ್ನಡದವು 235. ಓದುತ್ತಿದ್ದವರು ಒಟ್ಟು 6,641 ಮಂದಿ. ಇವರಲ್ಲಿ ಬಾಲಿಕೆಯರು ಎಷ್ಟು ಮಂದಿ? ಕೇವಲ 60! ಒಂಬತ್ತು ಲಕ್ಷಕ್ಕೂ ಮಿಕ್ಕ ಜನರಿದ್ದ ಜಿಲ್ಲೆಯಲ್ಲಿ ಅಕ್ಷರ ಕಲಿಯುವ ಹೆಣ್ಣುಮಕ್ಕಳನ್ನೆಲ್ಲ ಕೂಡಿಸಿದರೂ ನಮ್ಮ ಪಾಠಶಾಲೆಯ ಒಂದೆರಡು ಕೊಠಡಿಗಳಲ್ಲಿ ಕುಳ್ಳಿರಿಸಬಹುದಾಗಿತ್ತು.

ಇಂಥ ನೆಲದಲ್ಲಿ ಬಿತ್ತಿದ ಬೀಜವು ಮೆಲ್ಲಮೆಲ್ಲನೆ ಮೊಳೆಯಿತು. ಬಳ್ಳಾರಿಯಲ್ಲಿ ಹ್ಯಾಂಡ್ಸರೊಡನೆ ಸೇವೆಮಾಡಿದ ಜೋಸೆಫ್ ಟೇಲರರು 1820ರಲ್ಲಿ ಬೆಳಗಾವಿಗೆ ಹೋಗಿ ಅಲ್ಲಿಯೂ ಮಿಷನ್ ಕೆಲಸವನ್ನು ಆರಂಭಿಸಿದರು. 1846ರಲ್ಲಿ ವಾರ್ಡ್ಲಾ ಪಾದ್ರಿಗಳು ಬಳ್ಳಾರಿಯಲ್ಲಿ ತೆರೆದ ಶಾಲೆಯು 1891ರಲ್ಲಿ ಕಾಲೇಜಿನ ಪದವಿಗೇರಿತು. ಹ್ಯಾಂಡ್ಸರು ಅದನ್ನು ಕಾಣಲಿಲ್ಲ. ಅವರು 1864ರಲ್ಲಿಯೇ ಪರಲೋಕವನ್ನೈದಿದ್ದರು. ಆ ಶಾಲೆಗೆ ಬಂದದ್ದು ಅವರ ಹೆಸರೂ ಅಲ್ಲ. ಆದರೂ ತಳಹದಿಯ ಕಲ್ಲು ಕಣ್ಣಿಗೆ ಬೀಳದೆಂದು ಅದರ ಮೇಲಣ ಗೋಡೆಯು ಅದನ್ನು ಮರೆಯಬಾರದಷ್ಟೆ.

ತಾಯಿತಂದೆಗಳೇ, ಮದುವೆಯ ಮಾತು ಬಂದಿತೆಂದೋ, ದಾರಿ ದೂರವೆಂದೋ ಮಗಳನ್ನು ಒಂಬತ್ತನೆಯ ತರಗತಿಯಲ್ಲಿ ಬಿಡಿಸಿಕೊಳ್ಳುವ ಮುನ್ನ ಆ ಅರುವತ್ತು ಮಂದಿ ಬಾಲಿಕೆಯರನ್ನು ಒಮ್ಮೆ ನೆನೆಯಿರಿ. ಹಳೆಯ ವಿದ್ಯಾರ್ಥಿನಿಯರೇ, ನೀವಿರುವ ಊರಿನಲ್ಲಿ ಶಾಲೆ ಬಿಟ್ಟ ಹುಡುಗಿಯೊಬ್ಬಳಿದ್ದರೆ ಅವಳ ಮನೆಗೆ ಹೋಗಿ ಹಿರಿಯರೊಡನೆ ಮಾತಾಡಿರಿ. ಇದಕ್ಕಿಂತ ಹೆಚ್ಚಿನ ಗುರುದಕ್ಷಿಣೆಯನ್ನು ನಾವು ಬಯಸುವುದಿಲ್ಲ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.