ಕಂಪ್ಯೂಟರ್‌ಗೆ ಮಾತು ಕಲಿಸಿದ ಗ್ರೇಸ್ ಹಾಪರ್

ಕೋಬಾಲ್ ಎಂದರೆ ನಮ್ಮ ಬಿಇ ತರಗತಿಯಲ್ಲಿ ನಗು. ಪೈಥಾನ್, ಜಾವಾ ಬಂದರೆ ಸಾಕು, ಅಜ್ಜಂದಿರ ಕಾಲದ ಭಾಷೆ ಯಾರಿಗೆ ಬೇಕು ಎಂಬ ಮಾತು. ಆದರೆ ಹೊಳೆನರಸೀಪುರದಲ್ಲಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದ ನನಗೆ, ಆ ಭಾಷೆಯ ಬೆನ್ನಿಗೆ ನಿಂತ ಗ್ರೇಸ್ ಹಾಪರ್ ಅವರ ಬದುಕು ದೊಡ್ಡ ಧೈರ್ಯ ಕೊಟ್ಟಿದೆ.

ಹಾಪರ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್‌ನಲ್ಲಿ. ಚಿಕ್ಕವರಿದ್ದಾಗ ಒಳಗೇನಿದೆ ಎಂದು ನೋಡಲು ಮನೆಯ ಅಲಾರಂ ಗಡಿಯಾರಗಳನ್ನೆಲ್ಲ ಬಿಚ್ಚಿಟ್ಟಿದ್ದರಂತೆ. ವಾಸರ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಲೇ 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಪಿಎಚ್‌.ಡಿ ಪಡೆದರು. ಎರಡನೇ ಮಹಾಯುದ್ಧದ ವೇಳೆ ನೌಕಾಪಡೆ ಸೇರಲು ಹೋದಾಗ ತೂಕ ಸಾಲಲಿಲ್ಲ. ವಿನಾಯಿತಿ ಪಡೆದೇ ಸೇರಿದರು. 1944ರಲ್ಲಿ ಹಾರ್ವರ್ಡ್‌ನ ಮಾರ್ಕ್–1 ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿತು.

ಆಗ ಪ್ರೋಗ್ರಾಂ ಎಂದರೆ ಬರೀ ಅಂಕಿ, ಸಂಕೇತ. ಲೆಕ್ಕಪತ್ರ ನೋಡುವ ಸಾಮಾನ್ಯ ನೌಕರರಿಗೂ ಅದು ಅರ್ಥವಾಗಬೇಕು ಎಂಬುದು ಹಾಪರ್ ಹಠ. 1952ರಲ್ಲಿ ‘ಎ–0’ ಸಿದ್ಧಪಡಿಸಿದರು. ಜಗತ್ತಿನ ಮೊದಮೊದಲ ಕಂಪೈಲರ್‌ಗಳಲ್ಲಿ ಅದೂ ಒಂದು. ಮುಂದೆ ಇಂಗ್ಲಿಷ್ ಪದಗಳಲ್ಲೇ ಪ್ರೋಗ್ರಾಂ ಬರೆಯಬಹುದು ಎಂದಾಗ, ಕಂಪ್ಯೂಟರ್‌ಗೆ ಇಂಗ್ಲಿಷ್ ಎಲ್ಲಿ ಬರುತ್ತದೆ ಎಂದು ಕಂಪನಿಯ ಮೇಲಧಿಕಾರಿಗಳು ತಳ್ಳಿಹಾಕಿದರು. ಹಾಪರ್ ತಂಡ ಪುಟ್ಟ ಪ್ರೋಗ್ರಾಂ ಒಂದನ್ನು ಓಡಿಸಿಯೇ ತೋರಿಸಿತು. ಪದಗಳನ್ನಷ್ಟೇ ಬದಲಿಸಿ ಫ್ರೆಂಚ್, ಜರ್ಮನ್‌ನಲ್ಲೂ ಓಡಿಸಿತು. ಅಧಿಕಾರಿಗಳು ಖುಷಿಪಡುವ ಬದಲು ಗಾಬರಿಯಾದರು! ಅಮೆರಿಕದ ಯಂತ್ರಕ್ಕೆ ಪರಭಾಷೆ ಹೇಗೆ ಬಂತು ಎಂಬ ಚಿಂತೆ ಅವರಿಗೆ. ಕೊನೆಗೆ ಇಂಗ್ಲಿಷ್ ಒಂದನ್ನೇ ಉಳಿಸಿಕೊಂಡು ‘ಫ್ಲೋ–ಮ್ಯಾಟಿಕ್’ ಭಾಷೆ ರೂಪುಗೊಂಡಿತು.

ಆಗಿನ್ನೂ ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ಭಾಷೆ. 1959ರಲ್ಲಿ ತಯಾರಕರು, ಬಳಕೆದಾರರು ಪೆಂಟಗನ್‌ನಲ್ಲಿ ಸೇರಿ, ವ್ಯವಹಾರದ ಲೆಕ್ಕಕ್ಕೆ ಎಲ್ಲ ಯಂತ್ರಗಳಿಗೂ ಹೊಂದುವ ಒಂದು ಭಾಷೆ ಬೇಕೆಂದು ತೀರ್ಮಾನಿಸಿದರು. ಹಾಪರ್ ಅದಕ್ಕೆ ತಾಂತ್ರಿಕ ಸಲಹೆಗಾರರು. ಸಮಿತಿಯೊಂದು ರೂಪಿಸಿದ ಕೋಬಾಲ್‌ಗೆ ಫ್ಲೋ–ಮ್ಯಾಟಿಕ್ಕೇ ಮುಖ್ಯ ಆಧಾರವಾಯಿತು. 1960ರ ಡಿಸೆಂಬರ್‌ನಲ್ಲಿ ಒಂದೇ ಪ್ರೋಗ್ರಾಂ ಆರ್‌ಸಿಎ, ಯುನಿವ್ಯಾಕ್ ಎಂಬ ಎರಡು ಬೇರೆ ಬೇರೆ ಯಂತ್ರಗಳಲ್ಲಿ ಓಡಿತು. ನಮ್ಮ ಹಾಸನದಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಶುರುವಾದದ್ದೂ ಅದೇ ವರ್ಷ.

ಅಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. 1966ರಲ್ಲಿ ನಿವೃತ್ತರಾದವರನ್ನು ಮರುವರ್ಷವೇ ನೌಕಾಪಡೆ ಮತ್ತೆ ಕರೆಸಿಕೊಂಡಿತು, ಕೋಬಾಲ್ ಎಲ್ಲೆಡೆ ಒಂದೇ ರೀತಿ ಇರುವಂತೆ ನೋಡಿಕೊಳ್ಳಲು. ಊರೂರಿಗೆ ಹೋಗಿ ಭಾಷಣ ಮಾಡಿದರು. ಸುಮಾರು 30 ಸೆಂ.ಮೀ. ತಂತಿಯ ತುಂಡು ಹಂಚಿ, ಒಂದು ನ್ಯಾನೊಸೆಕೆಂಡಿನಲ್ಲಿ ವಿದ್ಯುತ್ ಸಂಕೇತ ಹೆಚ್ಚೆಂದರೆ ಇಷ್ಟು ದೂರ ಹೋಗಬಲ್ಲದು ಎಂದು ತೋರಿಸುತ್ತಿದ್ದರು. 1986ರಲ್ಲಿ, 79ನೇ ವಯಸ್ಸಿನಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು.

ಅವರ ಭಾಷೆ ಮಾತ್ರ ಇನ್ನೂ ದುಡಿಯುತ್ತಿದೆ. 2020ರ ಕೊರೊನಾ ಕಾಲದಲ್ಲಿ ನಿರುದ್ಯೋಗ ಭತ್ಯೆಯ ಅರ್ಜಿಗಳು ಮಿತಿಮೀರಿದಾಗ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಕೋಬಾಲ್ ಬಲ್ಲವರು ಬೇಕೆಂದು ಬಹಿರಂಗವಾಗಿ ಕೇಳಿಕೊಂಡರು.

ಸಂದರ್ಶನಕ್ಕೆ ಇಂಗ್ಲಿಷ್ ಬೇಕು, ಕಲಿಯೋಣ. ಆದರೆ ಇಂಗ್ಲಿಷ್ ಚೆನ್ನಾಗಿ ಬಾರದವರಿಗೆ ಕೋಡಿಂಗ್ ಒಲಿಯುವುದಿಲ್ಲ ಎಂದು ಹೆದರುವ ಗೆಳೆಯರಿಗೆ ನಾನು ಹಾಪರ್ ಕಥೆ ಹೇಳುತ್ತೇನೆ. ಯಂತ್ರಕ್ಕೆ ಮಾತೃಭಾಷೆ ಇಲ್ಲ. ಅದು ಕೇಳುವುದು ನಮ್ಮ ತರ್ಕವನ್ನು. ಆ ತರ್ಕವನ್ನು ನಾವು ಕನ್ನಡದಲ್ಲೇ ಕಲಿತಿದ್ದೇವಲ್ಲ!